ಕುಂಬಳದ ಪಿಂದೆ (ಎಳೆ ಮಿಡಿ) ಉದುರ್ತಿದ್ರೆ ಬೆಳಗ್ಗೆ ಬೇಗ ಎದ್ದು ಹೀಗೆ ಮಾಡಿ

ಮುಳಬಾಗಿಲು ಕಡೆ ನಮ್ಮ ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ಮೈತುಂಬಾ ಹೂ ಬಿಡ್ತು, ಆದ್ರೆ ಪಿಂದೆ ಎಲ್ಲಾ ಹಳದಿ ತಿರುಗಿ ಉದುರೋದು, ಗೊಬ್ಬರ ಹಾಕಿದ್ವಿ, ನೀರು ಜಾಸ್ತಿ ಬಿಟ್ವಿ, ಏನೂ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಜೇನು ಬರ್ತಿಲ್ಲ ಅಂತ. ಕುಂಬಳದ ಪರಾಗ ಅಂಟಂಟು, ದಪ್ಪ, ಗಾಳಿಗೆ ಹಾರಲ್ಲ, ಗಂಡು ಹೂವಿಂದ ಹೆಣ್ಣು ಹೂವಿಗೆ ಜೇನೇ ಹೊತ್ತು ತರ್ಬೇಕು, ಅದು ಬರ್ದಿದ್ರೆ ನಾವೇ ಸವರ್ಬೇಕು.

ಮೊದಲು ಹೂ ಗುರುತಿಸ್ಕೊಳ್ಳಿ. ಉದ್ದ ಸಣ್ಣ ತೊಟ್ಟಿದ್ರೆ ಗಂಡು, ಹೂವಿನ ಕೆಳಗೇ ಪುಟ್ಟ ಕಾಯಿ ಇದ್ರೆ ಹೆಣ್ಣು. ಶುರುವಲ್ಲಿ ಬರೀ ಗಂಡು ಹೂವೇ ಬರುತ್ತೆ, ಗಾಬರಿ ಬೇಡ. ಹೂ ಅರಳೋದು ಬೆಳಗಿನ ಜಾವ, ಬಿಸಿಲೇರಿದ್ರೆ ಮುದುಡುತ್ತೆ, ಅದಕ್ಕೆ ಎಂಟು ಗಂಟೆಯೊಳಗೆ ಕೆಲಸ ಮುಗಿಸಿ. ಗಂಡು ಹೂ ಕಿತ್ತು ಎಸಳು ಬಿಡಿಸಿ, ನಡುವಿನ ಹಳದಿ ಕಡ್ಡಿನ ಹೆಣ್ಣು ಹೂವಿನ ಒಳಗೆ ಉಬ್ಬಿರೋ ಭಾಗಕ್ಕೆಲ್ಲ ಮೆತ್ತಗೆ ಸವರಿ, ಒಂದೇ ಕಡೆ ಅಲ್ಲ, ಯಾಕಂದ್ರೆ ಒಳಗಿನ ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಣ ಬೇಕು, ಕಮ್ಮಿಯಾದ್ರೆ ಕಾಯಿ ಸೊಟ್ಟಗಾಗುತ್ತೆ. ಸೋರೆ, ಹೀರೆಗೆ ಇದನ್ನೇ ಸಂಜೆ ಮಾಡ್ಬೇಕು, ಅವು ಅರಳೋದು ಆಗಲೇ.

ಸವರಿದ್ಮೇಲೆ ಒಳಗೆ ನಡಿಯೋದು ನಂಗೆ ತುಂಬಾ ಇಷ್ಟ. ಪರಾಗದ ಕಣ ಮೊಳಕೆ ತರ ಒಂದು ನಳಿಗೆ ಬಿಡುತ್ತೆ, ಅದು ಕೆಳಗಿಳಿದು ಎರಡು ಗಂಡು ಕೋಶ ತಲುಪಿಸುತ್ತೆ, ಒಂದು ಅಂಡದ ಜೊತೆ ಸೇರಿ ಸಸಿಯಾಗುತ್ತೆ, ಇನ್ನೊಂದು ಅದರ ಬುತ್ತಿ ಮಾಡುತ್ತೆ. ನಾವು ಮುದ್ದೆ ಮಾಡೋ ರಾಗಿಲಿ ಹೆಚ್ಚು ಭಾಗ ಆ ಬುತ್ತಿನೇ! ಕುಂಬಳದಲ್ಲಿ ಅದನ್ನ ಬೀಜದ ಬೇಳೆನೇ ಹೀರ್ಕೊಂಡಿರುತ್ತೆ.

ಹೂ, ಬೀಜ ಬಿಡದ ಜರೀಗಿಡಕ್ಕೆ (ಫರ್ನ್) ಈ ನಳಿಗೆಯ ಅನುಕೂಲ ಇಲ್ಲ, ಅದರ ಗಂಡು ಕಣ ಇವತ್ತಿಗೂ ನೀರಲ್ಲಿ ಈಜ್ಕೊಂಡೇ ಹೋಗ್ಬೇಕು, ತೇವ ಇಲ್ದಿದ್ರೆ ಸಂತಾನವೇ ಇಲ್ಲ. ಸುಮಾರು 36 ಕೋಟಿ ವರ್ಷದ ಹಿಂದೆನೇ ಬೀಜದ ಗಿಡಗಳು ಬಂದಿದ್ವು, ಪರಾಗ ಒಣಗಾಳಿಲೇ ಬರೋ ಹಾಗಾಯ್ತು, ಮರಿನ ಸಿಪ್ಪೆಯೊಳಗಿಟ್ಟು ಬುತ್ತಿ ಕಟ್ಟಿ ಕಳ್ಸೋ ಹಾಗಾಯ್ತು. (ಕಾಂಪೌಂಡಲ್ಲಿ ಅಂದಕ್ಕೆ ಬೆಳೆಸೋ ಸೈಕಾಸ್ ಬೀಜದ ಗಿಡವೇ ಆದ್ರೂ ಅದರ ಗಂಡು ಕಣ ಇನ್ನೂ ಈಜುತ್ತೆ, ಆದ್ರೆ ಗಿಡ ತನ್ನೊಳಗೇ ಒಸರೋ ಹನಿಲಿ.) ವರ್ಷಪೂರ್ತಿ ಹರಿಯೋ ನದಿ ಇಲ್ಲದ ನಮ್ಮ ಕೋಲಾರದಲ್ಲಿ ಬೀಜ ಡಬ್ಬದಲ್ಲಿ ಮಳೆಗೆ ಕಾಯ್ತಾ ಕೂರೋದು ಅದ್ರಿಂದಲೇ.

ಮೂರ್ನಾಲ್ಕು ದಿನಕ್ಕೆ ಪಿಂದೆ ದಪ್ಪ ಆಗ್ತಾ ಬಂದ್ರೆ ಕಾಯಿ ನಿಂತಂಗೆ. ಬೀಜಕ್ಕೆ ಇಡೋದಾದ್ರೆ ನಾಳೆ ಅರಳೋ ಗಂಡು, ಹೆಣ್ಣು ಎರಡೂ ಮೊಗ್ಗಿನ ತುದಿಗೆ ಹಿಂದಿನ ಸಂಜೆಯೇ ದಾರ ಕಟ್ಟಿ, ಸವರಾದ್ಮೇಲೆ ಹೆಣ್ಣು ಹೂನ ಮತ್ತೆ ಕಟ್ಟಿ, ಇಲ್ಲಾಂದ್ರೆ ಪಕ್ಕದ ತೋಟದ ತಳಿ ಬೆರೆಯುತ್ತೆ. ತೊಟ್ಟು ಒಣಗಿದ್ಮೇಲೆ ಕಿತ್ತು, ಇನ್ನೂ ಎರಡು ಮೂರು ವಾರ ಹಾಗೇ ಇಟ್ಟು ಆಮೇಲೆ ಒಡೀರಿ, ಬೀಜ ತೊಳೆದು ನೆರಳಲ್ಲೇ ಒಣಗಿಸಿ.