ನಿಮ್ಮ ಸಂಸದರ ಮಸೂದೆ ಎಲ್ಲಿವರೆಗೆ ಬಂತು? ನೀವೇ ನೋಡಿಕೊಳ್ಳಿ

ಒಂದು ಮಳೆಗಾಲದಲ್ಲಿ ಮಲ್ಪೆಯಲ್ಲಿರುವ ನನ್ನ ಮಾವನ ಮೊಬೈಲಿಗೆ ಒಂದು ವಾಟ್ಸಾಪ್ ಮೆಸೇಜ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ವಾ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿದ್ದವು. ಮಾವ ಮನೆಯಲ್ಲೇ ಇದ್ದರು. ಮೆಸೇಜಿನಲ್ಲಿ ಸಂಸದರೊಬ್ಬರು ಸದನದಲ್ಲಿ ನಿಂತು ಮಾತಾಡುವ ಫೋಟೊ, ಕೆಳಗೆ ‘ಮೀನುಗಾರರಿಗೆ ಹೊಸ ಕಾನೂನು, ರಜೆಯ ದಿನಗಳಿಗೂ ಪರಿಹಾರ’ ಎಂಬ ಸಾಲು. ಮಾವ ಕೂಡಲೇ ನನಗೆ ಫೋನ್ ಮಾಡಿದರು. "ಇದು ಯಾವಾಗಿಂದ ಸಿಗ್ತದೆ ಮಾರಾಯ? ಅರ್ಜಿ ಎಲ್ಲಿ ಕೊಡ್ಬೇಕು?"

ಹುಡುಕಿ ನೋಡಿದೆ. ಅದು ಕಾನೂನೇ ಆಗಿರಲಿಲ್ಲ. ಬೇರೆ ರಾಜ್ಯದ ಸಂಸದರೊಬ್ಬರು ಮಂಡಿಸಿದ್ದ ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸಂಸದರು ತರುವ ಕಾನೂನಿನ ಕರಡು. ಇನ್ನೂ ಚರ್ಚೆಗೂ ಬಂದಿರಲಿಲ್ಲ. ಅರ್ಜಿ ಕೊಡಲು ಕಾಗದಪತ್ರ ತೆಗೆದಿಟ್ಟು ಕೂತಿದ್ದ ಮಾವನಿಗೆ ಅದನ್ನು ಹೇಳುವಾಗ ಹೊಟ್ಟೆ ಚುರ್ ಅಂದಿತು.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟುಕೊಂಡೆ. ನಮ್ಮ ಭಾಗದ ಸಂಸದರು ಯಾವ ಮಸೂದೆ ಮಂಡಿಸಿದರು, ಅದು ಎಲ್ಲಿವರೆಗೆ ಬಂತು ಅಂತ ಬರೆದಿಡುತ್ತೇನೆ. ವಾರಕ್ಕೆ ಅರ್ಧ ಗಂಟೆ ಸಾಕು, ಅದೂ ಅಧಿವೇಶನ ನಡೆಯುವಾಗ ಮಾತ್ರ. ಮೊಬೈಲ್ ಇರುವ ಯಾರೂ ಇದನ್ನು ಮಾಡಬಹುದು.

ನಿಮ್ಮ ಸಂಸದರು ಯಾರು?

ಗೊತ್ತೇ ಇದೆಯಲ್ಲ ಅಂತ ಈ ಹೆಜ್ಜೆ ದಾಟಬೇಡಿ. ಮಂಗಳೂರಿನವರಿಗೆ ಗೊಂದಲವಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ 8 ವಿಧಾನಸಭಾ ಕ್ಷೇತ್ರಗಳೂ ಒಂದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2024ರಲ್ಲಿ ಇಲ್ಲಿಂದ ಗೆದ್ದವರು ಕ್ಯಾಪ್ಟನ್ ಬ್ರಿಜೇಶ್ ಚೌಟ. ಉಡುಪಿಯಲ್ಲಿ ಹಾಗಲ್ಲ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಕ್ಷೇತ್ರಗಳು ಘಟ್ಟದ ಮೇಲಿನ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಯ ಜತೆ ಸೇರಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವಾಗಿದೆ. ಅಲ್ಲಿ ಗೆದ್ದವರು ಕೋಟ ಶ್ರೀನಿವಾಸ ಪೂಜಾರಿ. ಆದರೆ ಅದೇ ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಬೈಂದೂರಿನವರು ನೋಡಬೇಕಾದ್ದು ಬಿ.ವೈ. ರಾಘವೇಂದ್ರ ಅವರ ಹೆಸರು.

ರಾಜ್ಯಸಭೆಯನ್ನೂ ಮರೆಯಬೇಡಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ಅಲ್ಲಿಗೆ ನಾಮನಿರ್ದೇಶನಗೊಂಡರು. ನಾಮನಿರ್ದೇಶಿತ ಸದಸ್ಯರೂ ಮಸೂದೆ ಮಂಡಿಸಬಹುದು.

ಸಚಿವರಾ, ಅಲ್ಲವಾ?

ಸಚಿವರು ಸದನಕ್ಕೆ ತರುವುದು ಸರಕಾರಿ ಮಸೂದೆ. ಸಚಿವರಲ್ಲದ ಯಾವುದೇ ಸಂಸದರು ತಂದರೆ ಅದು ಖಾಸಗಿ ಸದಸ್ಯರ ಮಸೂದೆ. ಇಲ್ಲಿ ‘ಖಾಸಗಿ’ ಅಂದರೆ ಸರಕಾರದ ಭಾಗವಲ್ಲದ ಸದಸ್ಯ ಅಂತಷ್ಟೇ. ಆಡಳಿತ ಪಕ್ಷದವರೂ ತರಬಹುದು, ವಿರೋಧ ಪಕ್ಷದವರೂ ತರಬಹುದು.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲೇ ಉದಾಹರಣೆ ಉಂಟು. ಆಗ ಉಡುಪಿ-ಚಿಕ್ಕಮಗಳೂರು ಸಂಸದೆಯಾಗಿದ್ದ ಶೋಭಾ ಕರಂದ್ಲಾಜೆ 2021ರ ಜುಲೈನಲ್ಲಿ ಕೇಂದ್ರದ ರಾಜ್ಯ ಸಚಿವೆಯಾದರು. ಸಚಿವೆಯಾದ ಮೇಲೆ ಖಾಸಗಿ ಮಸೂದೆ ಮಂಡಿಸಲು ಅವಕಾಶವೇ ಇಲ್ಲ. ಆ ತಾರೀಕಿನ ನಂತರ ಹುಡುಕಿ, ಏನೂ ಇಲ್ಲ ಅಂತ ದೂರಿದರೆ ಅದು ನ್ಯಾಯವಲ್ಲ.

ಪಟ್ಟಿ ಎಲ್ಲಿ ಸಿಗುತ್ತದೆ?

ಎರಡು ಕಡೆ. ಮೊದಲನೆಯದು ಸಂಸತ್ತಿನದೇ ವೆಬ್‌ಸೈಟ್, ‘ಸನ್ಸದ್ ಡಾಟ್ ಇನ್’. ಅಲ್ಲಿ ಲೋಕಸಭೆ ಅಥವಾ ರಾಜ್ಯಸಭೆ ಆರಿಸಿ, ‘ಲೆಜಿಸ್ಲೇಶನ್’ ಎಂಬ ವಿಭಾಗಕ್ಕೆ ಹೋಗಿ. ಮಸೂದೆಗಳಲ್ಲಿ ಸರಕಾರಿ, ಖಾಸಗಿ ಅಂತ ಬೇರೆ ಬೇರೆ ಇರುತ್ತದೆ. ಸದಸ್ಯರ ಹೆಸರು ಹಾಕಿ ಹುಡುಕಿ. ಪೂರ್ತಿ ಹೆಸರು ಹಾಕಿದಾಗ ಸಿಗದಿದ್ದರೆ ಕೊನೆಯ ಹೆಸರು ಮಾತ್ರ ಹಾಕಿ ನೋಡಿ. ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಅಲ್ಲಿ ಒಂದು ಥರ, ಪೇಪರಿನಲ್ಲಿ ಇನ್ನೊಂದು ಥರ ಇರುವುದುಂಟು. ಎಷ್ಟನೇ ಲೋಕಸಭೆ ಅನ್ನುವುದನ್ನೂ ಗಮನಿಸಿ. 2024ರ ಜೂನ್‌ನಲ್ಲಿ ಶುರುವಾದದ್ದು 18ನೆಯದು.

ಎರಡನೆಯದು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್. 2005ರಲ್ಲಿ ಶುರುವಾದ ಸ್ವತಂತ್ರ ಸಂಸ್ಥೆ. ಅವರ ‘ಎಂಪಿ ಟ್ರ್ಯಾಕ್’ ಪುಟದಲ್ಲಿ ಒಬ್ಬೊಬ್ಬ ಸಂಸದರ ಹಾಜರಿ, ಭಾಗವಹಿಸಿದ ಚರ್ಚೆ, ಕೇಳಿದ ಪ್ರಶ್ನೆ, ಮಂಡಿಸಿದ ಖಾಸಗಿ ಮಸೂದೆ ಎಲ್ಲ ಒಂದೇ ಕಡೆ ಕಾಣುತ್ತದೆ. ಪಕ್ಕದಲ್ಲೇ ರಾಜ್ಯದ ಮತ್ತು ದೇಶದ ಸರಾಸರಿಯೂ ಇರುತ್ತದೆ. ಬೇಗ ನೋಡಲು ಇದು ಒಳ್ಳೆಯದು. ಮಸೂದೆಯ ಪೂರ್ತಿ ಪಠ್ಯ ಬೇಕಾದರೆ ಮಾತ್ರ ಸಂಸತ್ತಿನ ಸೈಟಿಗೇ ಹೋಗಿ.

ಇಲ್ಲಿ ನಾನು ಒಂದು ಮಾತು ಒತ್ತಿ ಹೇಳುತ್ತೇನೆ. ಮಸೂದೆಯ ಕಾಲಮಿನಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಆ ಸಂಸದರು ಸುಮ್ನೆ ಕೂತಿದ್ದಾರೆ ಅಂತ ಅಲ್ಲ. ಪ್ರಶ್ನೆ ಕೇಳಿರಬಹುದು, ಶೂನ್ಯವೇಳೆಯಲ್ಲಿ ಊರಿನ ವಿಷಯ ಎತ್ತಿರಬಹುದು, ಸ್ಥಾಯಿ ಸಮಿತಿಯಲ್ಲಿ ದುಡಿದಿರಬಹುದು. ಹಾಗೆಯೇ ಹತ್ತು ಮಸೂದೆ ಇದ್ದ ಮಾತ್ರಕ್ಕೆ ದೊಡ್ಡ ಕೆಲಸ ಆಯಿತು ಅಂತಲೂ ಅಲ್ಲ. ಒಳಗೆ ಏನಿದೆ ಅಂತ ಓದದೆ ಗೊತ್ತಾಗುವುದಿಲ್ಲ.

ಓದುವುದು ಹೇಗೆ?

ಪಿಡಿಎಫ್ ತೆರೆದ ಕೂಡಲೇ ಹೆದರಬೇಡಿ. ಹೆಚ್ಚಿನ ಖಾಸಗಿ ಮಸೂದೆಗಳು ಕೆಲವೇ ಪುಟಗಳಷ್ಟು ಇರುತ್ತವೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸಿಗುತ್ತವೆ, ಕನ್ನಡದಲ್ಲಿ ಅಲ್ಲ. ಕಷ್ಟವಾದರೆ ಮೊಬೈಲಿನ ಅನುವಾದದ ಸಹಾಯ ಪಡೆಯಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೇ ಕೂರಿಸಿಕೊಳ್ಳಿ.

ನಾನು ಕೊನೆಯಿಂದ ಓದಲು ಶುರು ಮಾಡುತ್ತೇನೆ. ಕಲಮುಗಳೆಲ್ಲ ಮುಗಿದ ಮೇಲೆ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ ಎಂಬ ಭಾಗ ಬರುತ್ತದೆ. ಯಾಕಾಗಿ ಈ ಮಸೂದೆ ಅಂತ ಸಂಸದರು ಅಲ್ಲಿ ನೇರ ಮಾತಿನಲ್ಲಿ ಹೇಳಿರುತ್ತಾರೆ. ಕೆಳಗೆ ಊರು, ತಾರೀಕು, ಹೆಸರು ಇರುತ್ತದೆ. ಅದನ್ನು ಓದಿದರೆ ಅರ್ಧ ವಿಷಯ ಗೊತ್ತಾದ ಹಾಗೆ.

ಆಮೇಲೆ ಹಣಕಾಸಿನ ಟಿಪ್ಪಣಿ ನೋಡಿ. ಸರಕಾರದ ಬೊಕ್ಕಸದಿಂದ ಖರ್ಚಾಗುವ ಮಸೂದೆಗೆ ಇದು ಇರಲೇಬೇಕು. ಮಾವನಿಗೆ ಬಂದ ಮೆಸೇಜಿನ ಆ ಮಸೂದೆಯಲ್ಲಿ ನಾನು ಮೊದಲು ಹುಡುಕಿದ್ದು ಇದನ್ನೇ. ಪರಿಹಾರ ಕೊಡುವುದಾದರೆ ದುಡ್ಡು ಎಲ್ಲಿಂದ, ವರ್ಷಕ್ಕೆ ಎಷ್ಟು? ಹಾಗೆ ಖರ್ಚು ಬರುವ ಮಸೂದೆಯನ್ನು ಸದನ ಅಂಗೀಕರಿಸಬೇಕಾದರೆ ಸಂವಿಧಾನದ 117ನೇ ವಿಧಿಯಂತೆ ರಾಷ್ಟ್ರಪತಿಯವರ ಶಿಫಾರಸು ಬೇಕು. ಅಂದರೆ ಸರಕಾರದ ಮನಸ್ಸಿಲ್ಲದೆ ಅದು ಮುಂದೆ ಹೋಗುವುದು ಕಷ್ಟ.

ಇರುವ ಕಾನೂನಿಗೆ ತಿದ್ದುಪಡಿ ತರುವ ಮಸೂದೆಯಾದರೆ ಕೊನೆಯಲ್ಲಿ ಅನುಬಂಧ ಇರುತ್ತದೆ. ಹಳೆಯ ಕಾನೂನಿನ ಆ ಸಾಲುಗಳನ್ನು ಅಲ್ಲಿ ಹಾಗೆಯೇ ಕೊಟ್ಟಿರುತ್ತಾರೆ. ಮಸೂದೆಯ ಕಲಮನ್ನೂ ಅನುಬಂಧವನ್ನೂ ಅಕ್ಕಪಕ್ಕ ಇಟ್ಟು ಓದಿ. ಯಾವ ಪದ ಹೋಯಿತು, ಯಾವ ಪದ ಬಂತು ಅಂತ ಆಗ ಕಣ್ಣಿಗೇ ಕಾಣುತ್ತದೆ.

ಸಂವಿಧಾನಕ್ಕೇ ತಿದ್ದುಪಡಿ ಕೇಳುವ ಮಸೂದೆಯನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ತುಳುವನ್ನು ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕೆಂಬ ನಮ್ಮ ಬೇಡಿಕೆ ಈ ಜಾತಿಯದು. ಇಂಥ ಮಸೂದೆ ಪಾಸಾಗಲು ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ, ಜತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೆಂಬಲ ಬೇಕು. ಕೊಂಕಣಿ ಈ ಪಟ್ಟಿಗೆ ಸೇರಿದ್ದು 1992ರ 71ನೇ ತಿದ್ದುಪಡಿಯಿಂದ. ಅದು ಸರಕಾರವೇ ತಂದ ಮಸೂದೆ. 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿದಾಗಲೂ ಹಾಗೆಯೇ. ತುಳುವಿಗಾಗಿ ಯಾವ ಸಂಸದರು ಖಾಸಗಿ ಮಸೂದೆ ತಂದರೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದರ ಪಕ್ಕದಲ್ಲಿ ‘ಗೃಹ ಸಚಿವಾಲಯ ಏನು ಹೇಳಿತು?’ ಅಂತ ಒಂದು ಖಾಲಿ ಸಾಲು ಬಿಟ್ಟಿರುತ್ತೇನೆ.

ಸ್ಥಿತಿ ಹೇಳುವ ಪದಗಳು

ಎಲ್ಲರೂ ಎಡವುವುದು ಇಲ್ಲಿ. ವೆಬ್‌ಸೈಟಿನಲ್ಲಿ ಪ್ರತಿ ಮಸೂದೆಯ ಎದುರು ಅದರ ಸ್ಥಿತಿ ಬರೆದಿರುತ್ತದೆ. ‘ಇಂಟ್ರಡ್ಯೂಸ್ಡ್’ ಅಂದರೆ ಮಂಡನೆಯಾಗಿದೆ, ಅಷ್ಟೇ. ‘ಪೆಂಡಿಂಗ್’ ಅಂದರೆ ಬಾಕಿ. ‘ವಿತ್‌ಡ್ರಾನ್’ ಅಂದರೆ ಸಂಸದರೇ ವಾಪಸ್ ಪಡೆದಿದ್ದಾರೆ. ‘ನೆಗೆಟಿವ್ಡ್’ ಅಂದರೆ ಸದನ ತಿರಸ್ಕರಿಸಿದೆ. ‘ಲ್ಯಾಪ್ಸ್ಡ್’ ಅಂದರೆ ಅವಧಿ ಮುಗಿದು ಬಿದ್ದುಹೋಗಿದೆ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ. 17ನೇ ಲೋಕಸಭೆಯಲ್ಲಿ ಬಾಕಿ ಇದ್ದದ್ದಕ್ಕೆ ಈಗ ಜೀವ ಇಲ್ಲ. ಬೇಕಾದರೆ ಹೊಸದಾಗಿ ಮಂಡಿಸಬೇಕು. ರಾಜ್ಯಸಭೆ ವಿಸರ್ಜನೆ ಆಗುವುದಿಲ್ಲ. ಅಲ್ಲೇ ಮಂಡನೆಯಾಗಿ, ಇನ್ನೂ ಲೋಕಸಭೆಗೆ ಹೋಗದೆ ಅಲ್ಲೇ ಬಾಕಿ ಇರುವ ಮಸೂದೆ ಹಾಗೆ ಬೀಳುವುದಿಲ್ಲ.

ವಾಪಸ್ ಪಡೆದದ್ದೆಲ್ಲ ಸೋಲು ಅಲ್ಲ. ಚರ್ಚೆಯ ಕೊನೆಗೆ ಸಚಿವರು ಉತ್ತರ ಕೊಟ್ಟು, ಮಸೂದೆ ಹಿಂದಕ್ಕೆ ಪಡೆಯಿರಿ ಅಂತ ಕೇಳುವುದು ರೂಢಿ. ಆ ಉತ್ತರದಲ್ಲಿ ಸರಕಾರ ಏನಾದರೂ ಒಪ್ಪಿಕೊಂಡಿದ್ದರೆ ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

‘ಪಾಸ್ಡ್’ ಎಂಬ ಪದ ಕಾಣುವುದು ತೀರಾ ಅಪರೂಪ. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಸದನ ದಾಟಿ ಕಾನೂನಾದ ಖಾಸಗಿ ಮಸೂದೆಗಳು 14 ಮಾತ್ರ. ಕೊನೆಯದು 1970ರದ್ದು. ಲಕ್ನೋದ ಸಂಸದ ಆನಂದ ನಾರಾಯಣ ಮುಲ್ಲಾ 1968ರಲ್ಲಿ ತಂದ, ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ವ್ಯಾಪ್ತಿ ಹೆಚ್ಚಿಸುವ ಮಸೂದೆ. ಸಂಸತ್ತಿನಲ್ಲಿ ನಡೆದದ್ದನ್ನು ಪತ್ರಿಕೆಗಳು ಹೆದರಿಕೆಯಿಲ್ಲದೆ ಪ್ರಕಟಿಸಲು ರಕ್ಷಣೆ ಕೊಟ್ಟದ್ದು ಫಿರೋಜ್ ಗಾಂಧಿಯವರ ಮಸೂದೆ, 1956ರಲ್ಲಿ. ಪಣಂಬೂರಿನ ಬಂದರಿನಿಂದ ಹಡಗಿಗೆ ಹತ್ತುವ ಸರಕಿನ ವಿಮೆಗೆ ಆಧಾರವಾದ 1963ರ ಸಾಗರ ವಿಮಾ ಕಾಯ್ದೆಯೂ ಹುಟ್ಟಿದ್ದು ಖಾಸಗಿ ಮಸೂದೆಯಾಗಿ. ಅದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಪಾಸಾಗದ ಮಸೂದೆಯೂ ಸುಮ್ನೆ ಹೋಗುವುದಿಲ್ಲ. ತಮಿಳುನಾಡಿನ ತಿರುಚಿ ಶಿವ ಅವರು ತಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ. ಆದರೆ ಸರಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಹಾಗಾಗಿ ನಿಮ್ಮ ಸಂಸದರ ಮಸೂದೆ ಬಿದ್ದುಹೋದರೂ ಅದೇ ವಿಷಯದ ಸರಕಾರಿ ಮಸೂದೆ ಬಂತಾ ಅಂತ ಕಣ್ಣಿಟ್ಟಿರಿ.

ಶುಕ್ರವಾರ ಮಧ್ಯಾಹ್ನ ಊಟದ ಮೇಲೆ

ಅಧಿವೇಶನ ಇರುವಾಗ ಖಾಸಗಿ ಸದಸ್ಯರ ಕಲಾಪಕ್ಕೆ ಶುಕ್ರವಾರ ಎರಡೂವರೆ ಗಂಟೆಯಷ್ಟು ಹೊತ್ತು ಮೀಸಲು. ಲೋಕಸಭೆಯಲ್ಲಿ ಸಾಮಾನ್ಯವಾಗಿ 3.30ರಿಂದ, ರಾಜ್ಯಸಭೆಯಲ್ಲಿ 2.30ರಿಂದ. ಒಂದು ವಾರ ಮಸೂದೆ, ಇನ್ನೊಂದು ವಾರ ನಿರ್ಣಯ. ಗದ್ದಲವಾಗಿ ಸದನ ಮುಂದೂಡಿದರೆ ಆ ವಾರದ್ದು ಹೋಯಿತು. ಸನ್ಸದ್ ಟಿವಿಯಲ್ಲಿ ನೇರ ಪ್ರಸಾರ ಇರುತ್ತದೆ, ಯೂಟ್ಯೂಬ್‌ನಲ್ಲೂ ಸಿಗುತ್ತದೆ.

ಒಮ್ಮೆಯಾದರೂ ಕೂತು ನೋಡಿ. ಸಭಾಪೀಠದಿಂದ ಹೆಸರು ಕರೆಯುತ್ತಾರೆ. ಸಂಸದರು ಎದ್ದು ನಿಂತು, ಈ ಮಸೂದೆ ಮಂಡಿಸಲು ಅನುಮತಿ ಕೋರುತ್ತೇನೆ ಅನ್ನುತ್ತಾರೆ. ಪೀಠದಲ್ಲಿರುವವರು ಸದನವನ್ನು ಕೇಳುತ್ತಾರೆ. ಧ್ವನಿಮತ. ಅನುಮತಿ ಸಿಕ್ಕಿತು. ಮಸೂದೆ ಮಂಡಿಸುತ್ತೇನೆ ಅಂತ ಹೇಳಿ ಸಂಸದರು ಕೂರುತ್ತಾರೆ. ಮುಂದಿನ ಹೆಸರು. ಒಬ್ಬರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ‘ಹೊಸ ಕಾನೂನು’ ಎಷ್ಟೋ ಸಲ ಈ ಒಂದು ನಿಮಿಷದ ಫೋಟೊ. ಮಂಡನೆಯ ಹಂತದಲ್ಲಿ ವಿರೋಧ ಬರುವುದು ಕಡಿಮೆ. 2022ರ ಡಿಸೆಂಬರ್ 9ರಂದು ರಾಜ್ಯಸಭೆಯಲ್ಲಿ ಕಿರೋಡಿ ಲಾಲ್ ಮೀನಾ ಅವರ ಏಕರೂಪ ನಾಗರಿಕ ಸಂಹಿತೆ ಮಸೂದೆಯ ಮಂಡನೆಗೇ ಮತ ಎಣಿಸಬೇಕಾಯಿತು. ಪರ 63, ವಿರುದ್ಧ 23.

ಹೆಸರು ಕರೆದಾಗ ಸಂಸದರು ಸದನದಲ್ಲಿ ಇಲ್ಲದಿದ್ದರೆ ಮಂಡನೆಯೇ ಆಗುವುದಿಲ್ಲ. ಆದ್ದರಿಂದ ಆ ದಿನದ ಕಲಾಪ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಪಟ್ಟಿ ಹೇಳುವುದು ಆಗಬೇಕಾದ್ದನ್ನು. ಆದದ್ದು ಗೊತ್ತಾಗುವುದು ‘ಬುಲೆಟಿನ್ ಭಾಗ 1’ ನೋಡಿದಾಗ. ಅದೂ ಅದೇ ಸೈಟಿನಲ್ಲಿ ಸಿಗುತ್ತದೆ. ಮಂಡನೆಯಾದದ್ದೆಲ್ಲ ಚರ್ಚೆಗೂ ಬರುವುದಿಲ್ಲ. ಯಾವುದು ಮೊದಲು ಅನ್ನುವುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ನಿಮ್ಮ ಸಂಸದರ ಮಸೂದೆ ಚರ್ಚೆಗೆ ಬರಲಿಲ್ಲ ಅಂದರೆ ತಪ್ಪು ಅವರದೇ ಆಗಬೇಕೆಂದಿಲ್ಲ.

ನೋಟ್‌ಬುಕ್ ಮತ್ತು ಒಂದು ಪತ್ರ

ನನ್ನದು ಇನ್ನೂರು ಪುಟದ ಗೆರೆ ಪುಸ್ತಕ. ಒಂದು ಮಸೂದೆಗೆ ಒಂದು ಪುಟ. ಮೇಲೆ ಮಸೂದೆಯ ನಂಬರ್ ಮತ್ತು ವರ್ಷ. ಒಂದೇ ಹೆಸರಿನ ಮಸೂದೆಗಳು ಬೇಕಾದಷ್ಟು ಇರುತ್ತವೆ, ನಂಬರ್ ಇಲ್ಲದೆ ಹುಡುಕಿದರೆ ತಲೆ ಕೆಡುತ್ತದೆ. ಕೆಳಗೆ ಮಂಡನೆಯ ತಾರೀಕು, ನನ್ನ ಮಾತಿನಲ್ಲಿ ಎರಡು ಸಾಲಿನ ಸಾರಾಂಶ, ನಮ್ಮ ಊರಿನ ಯಾರಿಗೆ ಇದರಿಂದ ಏನು ಅಂತ ಒಂದು ಸಾಲು. ಉಳಿದ ಜಾಗ ಖಾಲಿ. ಬಜೆಟ್, ಮಳೆಗಾಲ, ಚಳಿಗಾಲದ ಅಧಿವೇಶನ ಮುಗಿದಾಗಲೆಲ್ಲ ಸ್ಥಿತಿ ನೋಡಿ, ತಾರೀಕು ಹಾಕಿ ತುಂಬಿಸುತ್ತೇನೆ.

ಎರಡು ಅಧಿವೇಶನ ಕಳೆದರೂ ಮಸೂದೆಯ ಸ್ಥಿತಿ ಬದಲಾಗದಿದ್ದರೆ ಸಂಸದರಿಗೆ ಬರೆಯಿರಿ. ಅವರ ಇಮೇಲ್, ವಿಳಾಸ ಸಂಸತ್ತಿನ ಸೈಟಿನ ಸದಸ್ಯರ ಪುಟದಲ್ಲಿ ಇರುತ್ತದೆ. ಉದ್ದ ಬೇಡ. "ಮಾನ್ಯರೇ, ತಾವು ಇಂಥ ತಾರೀಕಿನಂದು ಮಂಡಿಸಿದ ಇಂಥ ನಂಬರಿನ ಮಸೂದೆ ಓದಿದ್ದೇನೆ. ಇದರ ಬಗ್ಗೆ ಸಂಬಂಧಪಟ್ಟ ಸಚಿವರ ಜತೆ ಮಾತಾಡಿದ್ದೀರಾ? ಇದೇ ವಿಷಯದಲ್ಲಿ ಪ್ರಶ್ನೆ ಕೇಳುವಿರಾ?" ಇಷ್ಟು ಸಾಕು. ಕೆಳಗೆ ನಿಮ್ಮ ಹೆಸರು, ಊರು, ವಿಧಾನಸಭಾ ಕ್ಷೇತ್ರ. ಉತ್ತರ ಬಂದರೆ ಅದನ್ನೂ ಅದೇ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಕು ಹಾಕಿ.