ಕುಳಿತೋ, ಒರಗಿಯೋ, ಮಲಗಿಯೋ: ಧ್ಯಾನಕ್ಕೂ ಆಸ್ಟ್ರಲ್ ಪ್ರೊಜೆಕ್ಷನ್‌ಗೂ ಒಗ್ಗುವ ಭಂಗಿ

ಧ್ಯಾನಕ್ಕೆ ಕೂತರೆ ಹತ್ತನೇ ನಿಮಿಷಕ್ಕೆ ಮಂಡಿ ನೋಯುತ್ತದೆ. ಆಸ್ಟ್ರಲ್ ಪ್ರೊಜೆಕ್ಷನ್‌ಗೆಂದು, ಅಂದರೆ ದೇಹ ಬಿಟ್ಟು ಹೊರಬಂದಂಥ ಅನುಭವ ಬಯಸಿ ಮಲಗಿದರೆ ಹತ್ತನೇ ನಿಮಿಷಕ್ಕೆ ಗೊರಕೆ ಶುರುವಾಗುತ್ತದೆ. ಬಹಳ ಜನ ಇದನ್ನು ಏಕಾಗ್ರತೆಯ ಕೊರತೆ ಎಂದುಕೊಂಡು ಮನಸ್ಸನ್ನು ದೂರುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ದಿಂಬಿನ ಎತ್ತರ, ಸೊಂಟದ ಓರೆ, ಕುತ್ತಿಗೆಯ ಬಾಗು.

ಪತಂಜಲಿಯ ಯೋಗಸೂತ್ರ ಆಸನಕ್ಕೆ ಹಾಕುವ ಷರತ್ತು ಎರಡೇ: ಅದು ಸ್ಥಿರವಾಗಿರಬೇಕು, ಸುಖವಾಗಿರಬೇಕು. ಆ ಸೂತ್ರದಲ್ಲಿ ಪದ್ಮಾಸನದ ಹೆಸರೂ ಇಲ್ಲ. ಇಲ್ಲಿ ಸುಖ ಎಂದರೆ ಮೆತ್ತಗಿರುವುದಲ್ಲ. ನಲವತ್ತು ನಿಮಿಷ ಅಲುಗಾಡಲು ದೇಹಕ್ಕೆ ಯಾವ ಕಾರಣವೂ ಸಿಗದಿರುವುದು. ಮೆತ್ತನೆಯ ಸೋಫಾದಲ್ಲಿ ಹುದುಗಿ ಕೂತವರು ಐದೇ ನಿಮಿಷಕ್ಕೆ ಹೊರಳಾಡುತ್ತಾರೆ. ಎತ್ತರ ಸರಿಯಿರುವ ಗಟ್ಟಿ ಆಸನದಲ್ಲಿ ಕೂತವರು ಮುಕ್ಕಾಲು ಗಂಟೆ ಕದಲುವುದಿಲ್ಲ.

ಅಲುಗಾಡದಿರುವುದಕ್ಕೆ ಇಷ್ಟು ಬೆಲೆ ಯಾಕೆ? ಚರ್ಮದ ನರಗಳು ಮುಖ್ಯವಾಗಿ ಬದಲಾವಣೆಯನ್ನು ವರದಿ ಮಾಡುತ್ತವೆ. ಕೈಗಡಿಯಾರ ಕಟ್ಟಿದ ಸ್ವಲ್ಪ ಹೊತ್ತಿಗೆ ಅದು ಕೈಯಲ್ಲಿರುವುದೇ ಮರೆತುಹೋಗುತ್ತದಲ್ಲ, ಹಾಗೆ ನಿಶ್ಚಲವಾಗಿರುವ ಕೈಕಾಲುಗಳ ಅರಿವೂ ಮಾಸುತ್ತಾ ಬರುತ್ತದೆ. ಬೆರಳು ಎಲ್ಲಿ ಮುಗಿಯಿತು, ಹಾಸಿಗೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಸ್ಥಿತಿ ಬರುವುದು ಹೀಗೆ. ಒಂದು ಸಲ ಕಾಲು ಸರಿಸಿದರೆ ಆ ಕೆಲಸ ಮತ್ತೆ ಮೊದಲಿಂದ ಶುರು.

ಮೊದಲು ತೀರ್ಮಾನಿಸಬೇಕಾದದ್ದು

ಧ್ಯಾನಕ್ಕೆ ಎಚ್ಚರ ಬೇಕು. ಸೂಕ್ಷ್ಮಶರೀರದ ಯಾನ ಎಂದೂ ಕರೆಯುವ ಆಸ್ಟ್ರಲ್ ಪ್ರೊಜೆಕ್ಷನ್‌ಗೆ ದೇಹ ನಿದ್ದೆಯ ಅಂಚಿಗೆ ಹೋಗಬೇಕು, ಮನಸ್ಸು ಮಾತ್ರ ಎಚ್ಚರವಾಗಿ ಉಳಿಯಬೇಕು. ಭಂಗಿ ಈ ಎರಡರ ನಡುವೆ ತಿರುಗಿಸುವ ತಿರುಗಣಿ ಇದ್ದಂತೆ. ಬೆನ್ನು ನೆಟ್ಟಗಾದಷ್ಟೂ ಎಚ್ಚರ, ಅಡ್ಡವಾದಷ್ಟೂ ನಿದ್ದೆ. ಹಾಗಾಗಿ ಯಾರದೋ ಫೋಟೋ ನೋಡಿ ಭಂಗಿ ಆರಿಸಬೇಡಿ, ನಿಮ್ಮ ದೌರ್ಬಲ್ಯ ನೋಡಿ ಆರಿಸಿ. ತೂಕಡಿಕೆ ಬರುವವರು ಒಂದು ಹಂತ ಮೇಲಕ್ಕೆ: ಮಲಗುವುದರಿಂದ ಒರಗುವುದಕ್ಕೆ, ಒರಗುವುದರಿಂದ ಕೂರುವುದಕ್ಕೆ. ಮನಸ್ಸು ಚಡಪಡಿಸುವವರು, ಭುಜ ಬಿಗಿಯಾಗಿರುವವರು ಒಂದು ಹಂತ ಕೆಳಕ್ಕೆ.

ಕೂರುವುದು: ಎಲ್ಲವೂ ಸೊಂಟದ ಎತ್ತರದಲ್ಲಿದೆ

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ಆ ಭಂಗಿ ನಿಲ್ಲುವುದಿಲ್ಲ. ಸೊಂಟದ ಕೀಲಿನ ಸುತ್ತಲಿನ ಬಿಗಿ ಸೊಂಟವನ್ನು ಹಿಂದಕ್ಕೆ ಉರುಳಿಸುತ್ತದೆ, ಕೆಳಬೆನ್ನು ಗೂನಾಗುತ್ತದೆ. ಆಗ ಬೆನ್ನಿನ ಸ್ನಾಯುಗಳು ದೇಹವನ್ನು ಹಿಡಿದು ನಿಲ್ಲಿಸಲು ಹೆಣಗಬೇಕು. ಹದಿನೈದು ನಿಮಿಷಕ್ಕೆ ಭುಜದ ಮೂಳೆಗಳ ನಡುವೆ ಉರಿ ಏಳುವುದು ಅದಕ್ಕೇ. ನೆಟ್ಟಗೆ ಕೂರಬೇಕೆಂದು ಹಟ ಮಾಡಿದಷ್ಟೂ ಉರಿ ಹೆಚ್ಚುತ್ತದೆ.

ಪರಿಹಾರ ಬೆನ್ನಿನಲ್ಲಿಲ್ಲ, ಆಸನದ ಎತ್ತರದಲ್ಲಿದೆ. ಗಟ್ಟಿ ಕಂಬಳಿಯನ್ನು 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಮಡಿಸಿ. ಅದರ ಮಧ್ಯದಲ್ಲಿ ಕೂರಬೇಡಿ, ಮುಂದಿನ ಮೂರನೇ ಒಂದು ಭಾಗದಲ್ಲಿ ಕೂತುಕೊಳ್ಳಿ. ಎರಡೂ ಅಂಗೈಗಳನ್ನು ಪೃಷ್ಠದ ಕೆಳಗೆ ತೂರಿಸಿದರೆ ಎರಡು ಗಟ್ಟಿ ಮೂಳೆಗಳು ಸಿಗುತ್ತವೆ. ದೇಹದ ಭಾರ ಬೀಳಬೇಕಾದದ್ದು ಅವುಗಳ ಮೇಲೆ. ಕೈ ತೆಗೆದು ಸೊಂಟವನ್ನು ನಿಧಾನವಾಗಿ ಹಿಂದೆ ಮುಂದೆ ತೂಗಿ, ತೂಗುವ ಅಳತೆಯನ್ನು ಕಿರಿದು ಮಾಡುತ್ತಾ ಬನ್ನಿ. ಒಂದು ಹಂತದಲ್ಲಿ ಬೆನ್ನು ತಾನೇ ಹಗುರವಾಗುತ್ತದೆ. ಅಲ್ಲಿ ನಿಲ್ಲಿಸಿ. ಈಗ ಮಂಡಿಗಳು ಸೊಂಟಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಎಷ್ಟು ಎತ್ತರವಾದರೂ ಸಂಕೋಚ ಬೇಡ. ಮಂಡಿ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಕೆಳಗೆ ಸುತ್ತಿದ ಟವೆಲ್ ಇಡಿ. ತೂಗುವ ಮಂಡಿಯನ್ನು ಹಿಡಿದಿಡಲು ತೊಡೆಯ ಸ್ನಾಯು ಇಡೀ ಹೊತ್ತು ದುಡಿಯುತ್ತಿರುತ್ತದೆ, ನಮ್ಮ ಗಮನಕ್ಕೇ ಬರದೆ.

ತಲೆಯ ತೂಕ ನಾಲ್ಕೈದು ಕಿಲೋ. ಅದು ಭುಜಗಳಿಗಿಂತ ಮುಂದೆ ಚಾಚಿದರೆ ಹೆಕ್ಕತ್ತಿನ ಸ್ನಾಯುಗಳೇ ಅದನ್ನು ಹೊರಬೇಕು. ಗದ್ದವನ್ನು ಬೆರಳಗಲ ಹಿಂದಕ್ಕೆ ಎಳೆದು, ತುಸುವೇ ಕೆಳಗಿಳಿಸಿ. ಕೈಗಳನ್ನು ಮಂಡಿಯ ಮೇಲೆ ಚಾಚಿ ಇಡುವುದು ನೋಡಲು ಚೆಂದ, ಆದರೆ ತೋಳು ಗಿಡ್ಡ ಇರುವವರ ಭುಜವನ್ನು ಅದು ಮುಂದಕ್ಕೆ ಎಳೆಯುತ್ತದೆ. ತೊಡೆಯ ಮೇಲೆ ಸಣ್ಣ ದಿಂಬಿಟ್ಟು ಅದರ ಮೇಲೆ ಕೈ ಇಟ್ಟರೆ ಭುಜಗಳ ಭಾರ ಇಳಿಯುತ್ತದೆ.

ಕಾಲು ಜೋಮು ಹಿಡಿಯುವುದು ರಕ್ತ ನಿಂತದ್ದರಿಂದ ಎಂದು ಹೇಳುವುದು ರೂಢಿ. ಬಹುಪಾಲು ಅದು ನರದ ಮೇಲಿನ ಒತ್ತಡ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ನರ ಮೂಳೆಯ ಮೇಲೆಯೇ ಹಾದುಹೋಗುತ್ತದೆ. ಅಲ್ಲಿ ಒತ್ತಿದರೆ ಪಾದದ ಮೇಲ್ಭಾಗ ಮರಗಟ್ಟುತ್ತದೆ. ಆಸನದ ಚೂಪಾದ ಅಂಚು ತೊಡೆಗೆ ಒತ್ತಿದರೂ ಇದೇ ಪಾಡು. ಅಂಚನ್ನು ಮೆತ್ತಗೆ ಮಾಡಿ, ಕಾಲ ಹರಡಿನ ಕೆಳಗೆ ಬಟ್ಟೆ ಹಾಸಿ, ಮುಂದೆ ಬರುವ ಕಾಲನ್ನು ದಿನ ಬಿಟ್ಟು ದಿನ ಬದಲಿಸಿ. ಜೋಮು ಹಿಡಿದ ಕಾಲಿನಲ್ಲಿ ಥಟ್ಟನೆ ಎದ್ದು ನಿಲ್ಲಬೇಡಿ. ಪಾದ ಮಡಚಿಕೊಂಡು ಬಿದ್ದು ಮೂಳೆ ಮುರಿದುಕೊಳ್ಳಬಹುದು. ಎದ್ದು ಅರ್ಧ ಗಂಟೆಯಾದರೂ ಜೋಮು ಬಿಡದಿದ್ದರೆ, ಪಾದ ಎತ್ತಲು ಕಷ್ಟವಾದರೆ, ಆ ಭಂಗಿ ಬಿಟ್ಟು ವೈದ್ಯರಿಗೆ ತೋರಿಸಿ.

ಪದ್ಮಾಸನದ ಬಗ್ಗೆ ಒಂದು ಮಾತು. ಅದಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಸೊಂಟ ತಿರುಗದಿದ್ದರೆ ಆ ತಿರುಚು ಮಂಡಿಯೊಳಗಿನ ಮೃದ್ವಸ್ಥಿಯ ಮೇಲೆ ಬೀಳುತ್ತದೆ. ಮಂಡಿಯೊಳಗೆ ಚುಚ್ಚುವ ನೋವು ಬಂದರೆ ಸಹಿಸಿಕೊಳ್ಳುವುದು ತಪಸ್ಸಲ್ಲ, ಗಾಯ. ಸುಖಾಸನಕ್ಕೆ ಬನ್ನಿ, ಇಲ್ಲವೇ ಕುರ್ಚಿಗೆ. ಕುರ್ಚಿಯಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೊಡೆ ನೆಲಕ್ಕೆ ಸಮವಾಗಿಯೋ ಮುಂದಕ್ಕೆ ತುಸು ಇಳಿಜಾರಾಗಿಯೋ ಇರಬೇಕು. ಪಾದ ಎಟುಕದಿದ್ದರೆ ಕೆಳಗೆ ಮಣೆ ಇಡಿ. ವಜ್ರಾಸನ ಇಷ್ಟವಿದ್ದವರು ಹಿಮ್ಮಡಿಗಳ ಮೇಲೆ ಕೂರುವ ಬದಲು, ಕಾಲುಗಳ ನಡುವೆ 15ರಿಂದ 20 ಸೆಂಟಿಮೀಟರ್ ಎತ್ತರದ ಗಟ್ಟಿ ದಿಂಬು ಇಟ್ಟು ಅದರ ಮೇಲೆ ಕೂತರೆ ಮಂಡಿಗೂ ಪಾದಕ್ಕೂ ಆರಾಮ.

ಒರಗುವುದು

ಆಸ್ಟ್ರಲ್ ಪ್ರೊಜೆಕ್ಷನ್ ಕಲಿಯುವವರಿಗೆ ನಮ್ಮ ಮೊದಲ ಸಲಹೆ ಇದು. ಬೆನ್ನು ನೆಲಕ್ಕೆ 30ರಿಂದ 45 ಡಿಗ್ರಿ ಓರೆಯಲ್ಲಿರಲಿ. ನಾಲಗೆ ಗಂಟಲಿಗೆ ಜಾರುವುದು ಕಡಿಮೆಯಾಗಿ ಗೊರಕೆ ತಗ್ಗುತ್ತದೆ, ಹೊಟ್ಟೆಯ ಹುಳಿ ಮೇಲೇರುವುದೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ರಾತ್ರಿ ಮಲಗುವ ಭಂಗಿ ಇದಲ್ಲವಾದ್ದರಿಂದ ಎಚ್ಚರದ ಒಂದು ಎಳೆ ಉಳಿದಿರುತ್ತದೆ.

ಒರಗು ಕುರ್ಚಿ ಇಲ್ಲದಿದ್ದರೆ ಹಾಸಿಗೆಯಲ್ಲೇ ಕಟ್ಟಿಕೊಳ್ಳಬಹುದು. ಗೋಡೆಗೆ ದಿಂಬುಗಳನ್ನು ಮೆಟ್ಟಿಲಿನಂತೆ ಜೋಡಿಸಿ. ಕೆಳಗಿನದು ಸೊಂಟಕ್ಕೆ ಒತ್ತಿಕೊಂಡೇ ಇರಬೇಕು, ಅಲ್ಲಿ ಸಂದು ಬಿಟ್ಟರೆ ಬೆನ್ನು ಬಿಲ್ಲಾಗುತ್ತದೆ. ಮಂಡಿಗಳ ಕೆಳಗೆ ಇನ್ನೊಂದು ದಿಂಬು ಹಾಕಲೇಬೇಕು, ಇಲ್ಲದಿದ್ದರೆ ನಿಮಿಷಕ್ಕಿಷ್ಟು ಎಂದು ದೇಹ ಕೆಳಕ್ಕೆ ಜಾರುತ್ತಿರುತ್ತದೆ. ಮೊಣಕೈಗಳ ಕೆಳಗೂ ಆಸರೆ ಬೇಕು. ಕುತ್ತಿಗೆಯ ಎರಡೂ ಬದಿಗೆ ಸುತ್ತಿದ ಟವೆಲ್ ಇಡಿ. ಸ್ನಾಯು ಸಡಿಲವಾದ ಕ್ಷಣವೇ ತಲೆ ಪಕ್ಕಕ್ಕೆ ವಾಲಿ ಬೆಚ್ಚಿ ಎಚ್ಚರವಾಗುವುದು ಇಲ್ಲಿನ ದೊಡ್ಡ ತೊಂದರೆ.

ಅಂಗಾತ ಮಲಗುವುದು

ಶವಾಸನದ ಚೌಕಟ್ಟೇ ಸಾಕು, ಅಳತೆಗಳು ಮಾತ್ರ ಸರಿ ಇರಲಿ. ಪಾದಗಳ ನಡುವೆ 30ರಿಂದ 45 ಸೆಂಟಿಮೀಟರ್ ಅಂತರ. ಕೈಗಳು ದೇಹದಿಂದ ಒಂದು ಗೇಣಷ್ಟು ದೂರ. ತೋಳು ಪಕ್ಕೆಗೆ ತಾಗಿದ್ದರೆ ಪ್ರತಿ ಉಸಿರಿಗೂ ಆ ಸ್ಪರ್ಶ ಬದಲಾಗುತ್ತಾ ದೇಹದ ನೆನಪು ತರುತ್ತಲೇ ಇರುತ್ತದೆ. ಅಂಗೈ ಪೂರ್ತಿ ಮೇಲೆ ಮಾಡಿದಾಗ ಭುಜ ಎಳೆದಂತಾದರೆ ಹೆಬ್ಬೆರಳು ಮೇಲೆ ಬರುವಂತೆ ಅರ್ಧ ತಿರುಗಿಸಿ.

ಮಂಡಿಗಳ ಕೆಳಗೆ 10ರಿಂದ 15 ಸೆಂಟಿಮೀಟರ್ ದಪ್ಪದ ದಿಂಬು ಇಟ್ಟರೆ ಕೆಳಬೆನ್ನು ಹಾಸಿಗೆಗೆ ಇಳಿಯುತ್ತದೆ. ಇದೊಂದನ್ನು ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ತಲೆಯ ದಿಂಬು ಮಾತ್ರ ತೆಳ್ಳಗಿರಲಿ. ದಪ್ಪವಾದರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚುತ್ತದೆ. ಏನೂ ಇಲ್ಲದಿದ್ದರೆ ಕೆಲವರ ಗದ್ದ ಮೇಲೆದ್ದು ಗಂಟಲು ಬಿಗಿದು ಉಗುಳು ನುಂಗುವುದು ಕಷ್ಟ. ಹಣೆಯೂ ಗದ್ದವೂ ಒಂದೇ ಮಟ್ಟದಲ್ಲಿದ್ದರೆ ಎತ್ತರ ಸರಿಯಿದೆ. ಗಟ್ಟಿ ನೆಲದ ಮೇಲಾದರೆ ಹಿಮ್ಮಡಿಗಳು ಇಪ್ಪತ್ತು ನಿಮಿಷಕ್ಕೆ ನೋಯುತ್ತವೆ. ಮೀನಖಂಡದ ಕೊನೆಗೆ ಸಣ್ಣ ಸುರುಳಿ ಇಟ್ಟು ಅವನ್ನು ತುಸು ಎತ್ತಿ. ದೇಹ ವಿಶ್ರಾಂತಿಗೆ ಇಳಿದಂತೆ ಶಾಖ ಕಡಿಮೆಯಾಗುತ್ತದೆ, ಆದ್ದರಿಂದ ಸೆಖೆಯೆನಿಸಿದರೂ ತೆಳು ಹೊದಿಕೆ ಹೊದೆಯಿರಿ, ಕಾಲ್ಬೆರಳ ಬಳಿ ಬಿಗಿಯಾಗದಂತೆ.

ರಾತ್ರಿ ನೀವು ನಿದ್ದೆ ಹೋಗುವ ಭಂಗಿಯನ್ನು ಅಭ್ಯಾಸಕ್ಕೆ ಬಳಸಬೇಡಿ. ಮೈಗೆ ಆ ಭಂಗಿ ಎಂದರೆ ನಿದ್ದೆ ಎಂದೇ ಗೊತ್ತು. ಮಗ್ಗುಲಾಗಿ ಮಲಗುವವರಿಗೆ ಅಂಗಾತ ಮಲಗುವುದು ಒಳ್ಳೆಯದು, ಅಂಗಾತ ಮಲಗಿಯೇ ನಿದ್ರಿಸುವವರು ಒರಗಲಿ. ಆದರೂ ಮಂಪರು ಎಳೆದುಕೊಂಡು ಹೋದರೆ ಹಳೆಯ ಉಪಾಯವೊಂದಿದೆ. ಮೊಣಕೈಯನ್ನು ಹಾಸಿಗೆಗೆ ಊರಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ. ಸಮತೋಲ ಸಿಕ್ಕರೆ ಅದಕ್ಕೆ ಶ್ರಮವೇ ಬೇಡ. ನಿದ್ದೆ ಬಂದ ಕೂಡಲೇ ಕೈ ಬಿದ್ದು ಎಚ್ಚರಿಸುತ್ತದೆ.

ಮಲಗಿದ ಮೇಲೆ

ಊಟವಾಗಿ ಎರಡು ಮೂರು ಗಂಟೆ ಕಳೆದಿರಲಿ, ಮೂತ್ರಕ್ಕೆ ಹೋಗಿ ಬನ್ನಿ, ಸೊಂಟದ ಬಳಿ ಉಡುಪಿನ ಬಿಗಿ ಸಡಿಲಿಸಿ, ಕನ್ನಡಕ, ಗಡಿಯಾರ, ಉಂಗುರ ತೆಗೆದಿಡಿ. ಮೊದಲ ಐದು ನಿಮಿಷ ಎಷ್ಟು ಬೇಕಾದರೂ ಸರಿದಾಡಿ. ಆಮೇಲೆ ಪಾದದಿಂದ ಶುರುಮಾಡಿ ಒಂದೊಂದೇ ಭಾಗವನ್ನು ಐದು ಸೆಕೆಂಡ್ ಬಿಗಿಹಿಡಿದು, ಇಪ್ಪತ್ತು ಮೂವತ್ತು ಸೆಕೆಂಡ್ ಸಡಿಲ ಬಿಡಿ: ಪಾದ, ಮೀನಖಂಡ, ತೊಡೆ, ಪೃಷ್ಠ, ಹೊಟ್ಟೆ, ಮುಷ್ಟಿ, ಭುಜ, ಮುಖ. ಮೀನಖಂಡವನ್ನು ಮೆಲ್ಲಗೆ ಬಿಗಿಯಿರಿ, ಜೋರಾದರೆ ಸ್ನಾಯು ಹಿಡಿದುಕೊಳ್ಳುತ್ತದೆ. ದವಡೆಯನ್ನು ಬಹಳ ಜನ ಮರೆಯುತ್ತಾರೆ. ತುಟಿ ಮುಚ್ಚಿದ್ದರೂ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು.

ಇನ್ನು ಉಗುಳು. ನುಂಗಬಾರದು ಎಂದುಕೊಂಡಷ್ಟೂ ಅದು ತುಂಬಿಕೊಳ್ಳುತ್ತದೆ. ಸುಮ್ಮನೆ ನುಂಗಿಬಿಡಿ, ಅದರಿಂದ ಏನೂ ಕೆಡುವುದಿಲ್ಲ. ಪದೇ ಪದೇ ಕಾಡಿದರೆ ತಲೆಯನ್ನು ಸ್ವಲ್ಪವೇ ಒಂದು ಬದಿಗೆ ತಿರುಗಿಸಿ, ಉಗುಳು ಗಂಟಲಿಗೆ ಬರದೆ ಕೆನ್ನೆಯತ್ತ ಹೋಗುತ್ತದೆ. ತುರಿಕೆ ಎದ್ದರೆ ಒಂದೆರಡು ನಿಮಿಷ ಅದನ್ನೇ ಗಮನಿಸಿ. ಸಾಮಾನ್ಯವಾಗಿ ಏರಿ, ತುದಿ ಮುಟ್ಟಿ, ಆರಿಹೋಗುತ್ತದೆ. ಆರದಿದ್ದರೆ ನಿಧಾನವಾಗಿ ಒಮ್ಮೆ ಕೆರೆದು ಕೈಯನ್ನು ಅದೇ ಜಾಗಕ್ಕೆ ತನ್ನಿ. ಹೋರಾಡುತ್ತಾ ಮಲಗುವುದಕ್ಕಿಂತ ಅದು ಮೇಲು.

ಪ್ರೊಜೆಕ್ಷನ್‌ಗೆ ಹೊತ್ತೂ ಭಂಗಿಯಷ್ಟೇ ಮುಖ್ಯ. ಕನಸಿನ ನಿದ್ದೆಯ ಪಾಲು ಬೆಳಗಿನ ಜಾವದತ್ತ ಹೆಚ್ಚುತ್ತಾ ಹೋಗುತ್ತದೆ. ನಾಲ್ಕೂವರೆಯಿಂದ ಆರು ಗಂಟೆ ನಿದ್ದೆಯಾದ ಮೇಲೆ ಎದ್ದು, ಹದಿನೈದರಿಂದ ಮೂವತ್ತು ನಿಮಿಷ ಎಚ್ಚರವಿದ್ದು, ಮೇಲೆ ಹೇಳಿದ ಭಂಗಿಗೆ ಬನ್ನಿ. ಮರುದಿನ ವಾಹನ ಓಡಿಸುವುದಿದ್ದರೆ ನಿದ್ದೆ ಮುರಿಯಬೇಡಿ.

ಕನಸಿನ ನಿದ್ದೆಯಲ್ಲಿ ಸ್ನಾಯುಗಳನ್ನು ಮಿದುಳು ತಾನೇ ಕಟ್ಟಿಹಾಕುತ್ತದೆ. ಆ ಹೊಸ್ತಿಲಲ್ಲಿ ಎಚ್ಚರವಿದ್ದರೆ ಮೈ ಭಾರವಾದಂತೆ, ಝೇಂಕಾರ ಕೇಳಿದಂತೆ, ತೇಲಿದಂತೆ ಅನುಭವ ಬರುತ್ತದೆ. ಈ ಹಂತದಲ್ಲಿ ಭಂಗಿ ಸರಿಪಡಿಸಲು ಹೋದರೆ ಎಲ್ಲ ಕರಗುತ್ತದೆ. ಮೈ ಕದಲದೆ ಭಯವಾದರೆ ಉಸಿರು ನಡೆಯುತ್ತಲೇ ಇದೆ ಎಂಬುದನ್ನು ಗಮನಿಸಿ, ಒಂದು ಕಾಲ್ಬೆರಳ ತುದಿ ಅಲುಗಿಸಲು ಪ್ರಯತ್ನಿಸಿ. ಸೆಕೆಂಡುಗಳಿಂದ ಕೆಲವು ನಿಮಿಷದೊಳಗೆ ಅದು ಬಿಡುತ್ತದೆ. ನಿದ್ರಾಸ್ತಂಭನ ಎನ್ನುವ ಈ ಸ್ಥಿತಿ ಅಂಗಾತ ಮಲಗಿದಾಗ ಹೆಚ್ಚು. ಅದು ಬೇಡವಾದವರು ಮಗ್ಗುಲಾಗಿ ಮಲಗಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಲಿ.

2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಒಂದು ಪ್ರಕರಣವನ್ನು ಪ್ರಕಟಿಸಿದರು. ಮೂರ್ಛೆರೋಗದ ರೋಗಿಯೊಬ್ಬರ ಮಿದುಳಿನ ಬಲಭಾಗದಲ್ಲಿ, ಕಿವಿಯ ಮೇಲುಹಿಂದಿನ ಒಂದು ಜಾಗಕ್ಕೆ ವಿದ್ಯುತ್ ಸೋಕಿಸಿದಾಗ ಅವರಿಗೆ ತಮ್ಮ ದೇಹವನ್ನು ಮೇಲಿನಿಂದ ನೋಡಿದ ಅನುಭವವಾಯಿತು. ಸ್ಪರ್ಶ, ಸಮತೋಲ, ನೋಟ ಮೂರನ್ನೂ ಹೆಣೆದು ‘ನಾನು ಇಲ್ಲಿದ್ದೇನೆ’ ಎಂಬ ಭಾವ ಕಟ್ಟುವ ಕೆಲಸಕ್ಕೆ ಆ ಭಾಗ ಸಂಬಂಧಿಸಿದ್ದು. ನಿಜಕ್ಕೂ ಏನೋ ದೇಹ ಬಿಟ್ಟು ಹೊರಡುತ್ತದೆಯೇ ಎಂಬುದು ಸಾಬೀತಾಗಿಲ್ಲ, ಅದು ಅವರವರ ನಂಬಿಕೆ. ಭಂಗಿಯ ಕೆಲಸ ಮಾತ್ರ ಎರಡು ಕಡೆಯಿಂದ ನೋಡಿದರೂ ಒಂದೇ: ಆ ಮೂರೂ ಎಳೆಗಳನ್ನು ಸುಮ್ಮನಾಗಿಸುವುದು.

ಗರ್ಭಿಣಿಯರು ಕೊನೆಯ ಮೂರು ತಿಂಗಳಲ್ಲಿ ಅಂಗಾತ ಮಲಗದೆ ಮಗ್ಗುಲಾಗಿರಬೇಕು. ನಿದ್ದೆಯಲ್ಲಿ ಉಸಿರುಕಟ್ಟುವವರಿಗೂ ಮಗ್ಗುಲೇ ಲೇಸು. ಮೂರ್ಛೆರೋಗ, ಭ್ರಮೆಯ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೊಜೆಕ್ಷನ್ ಅಭ್ಯಾಸಕ್ಕೆ ಇಳಿಯಬಾರದು.

ಭಂಗಿ ಒಂದೇ ದಿನಕ್ಕೆ ಸಿಗುವುದಿಲ್ಲ. ಪ್ರತಿ ಸಲ ಮುಗಿದ ಮೇಲೆ ಎರಡೇ ಸಂಗತಿ ಬರೆದಿಡಿ: ಎಷ್ಟು ನಿಮಿಷಕ್ಕೆ ಮೊದಲು ಕದಲಿದಿರಿ, ಯಾವ ಭಾಗ ಕದಲಿಸಿತು. ಮಾರನೇ ದಿನ ಆ ಭಾಗದ ಆಸರೆಯನ್ನು ಮಾತ್ರ ಬದಲಿಸಿ, ಒಮ್ಮೆಗೆ ಒಂದೇ ಬದಲಾವಣೆ. ಮೂರು ದಿನ ಅದೇ ಜಾಗ ಕಾಡಿದರೆ ದಿಂಬಿನ ಎತ್ತರ ಬಿಟ್ಟು ಭಂಗಿಯನ್ನೇ ಬದಲಿಸುವ ಹೊತ್ತು ಬಂದಿದೆ. ಏಳುವಾಗಲೂ ಆತುರ ಬೇಡ. ಬೆರಳು ಆಡಿಸಿ, ಮಂಡಿ ಮಡಚಿ, ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ ಕೂತು, ಒಂದು ನಿಮಿಷ ಬಿಟ್ಟು ನಿಲ್ಲಿ.