ಎಡ ತಿರುವಿನ ಟಕ್ ಟಕ್: ಸದ್ದನ್ನು ಎಣಿಸಿ ಚಕ್ರವನ್ನು ಹಿಡಿದ ಬಗೆ

ಚಾಮುಂಡಿ ಬೆಟ್ಟದಿಂದ ಇಳಿದು ಬರುವಾಗ, ಬಿಗಿಯಾದ ಎಡ ತಿರುವೊಂದನ್ನು ಬೇಕಾದುದಕ್ಕಿಂತ ತುಸು ವೇಗವಾಗಿ ತೆಗೆದುಕೊಂಡಾಗ, ನನ್ನ ಕಾರಿನ ಹಿಂದಿನಿಂದ ‘ಟಕ್ ಟಕ್ ಟಕ್’ ಎಂಬ ಒಣ ಸದ್ದು ಮೊದಲ ಸಲ ಕೇಳಿಸಿತು. ರಸ್ತೆ ನೇರವಾದ ಕೂಡಲೇ ನಿಂತಿತು. ಬಲ ತಿರುವಿನಲ್ಲಿ ಸುಳಿವೇ ಇರಲಿಲ್ಲ. ಕಾರು ಎರಡೇ ಆಸನದ್ದು, ಸುಮಾರು 1,350 ಕಿಲೋ ತೂಕದ್ದು, ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವಂಥದ್ದು. ಹಳೆಯದಾದರೂ ನಾನು ಬಹಳ ಪ್ರೀತಿಯಿಂದ ನೋಡಿಕೊಂಡು ಬಂದಿರುವ ವಾಹನ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ನಿರ್ವಹಣೆ ನನ್ನ ದಿನದ ಕೆಲಸವಾದುದರಿಂದ, ತಿರುಗುವ ಭಾಗವೊಂದು ಲಯಬದ್ಧವಾಗಿ ಸದ್ದು ಮಾಡತೊಡಗಿದರೆ ಅದನ್ನು ಕೇಳಿಯೂ ಕೇಳದಂತೆ ಬಿಡುವುದು ನನ್ನಿಂದ ಆಗುವುದಿಲ್ಲ.

ಮನೆಗೆ ಬಂದ ತಕ್ಷಣ, ಬೋಲ್ಟನ್ನು ಗೊತ್ತುಮಾಡಿದ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಹಿಡಿದು ನಾಲ್ಕೂ ಚಕ್ರಗಳ ಬೋಲ್ಟುಗಳನ್ನು ಪರೀಕ್ಷಿಸಿದೆ. ತಿರುವಿನಲ್ಲಿ ಚಕ್ರದ ಕಡೆಯಿಂದ ಸದ್ದು ಬಂದರೆ ಮೊದಲು ಮಾಡಬೇಕಾದ ಕೆಲಸ ಇದು. ಸಡಿಲವಾದ ಬೋಲ್ಟು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ನನ್ನ ಕಾರಿನ ಕೈಪಿಡಿ ಹೇಳುವ 130 ನ್ಯೂಟನ್ ಮೀಟರಿಗೆ ಇಟ್ಟಾಗ ಒಂದು ಬೋಲ್ಟೂ ಕದಲಲಿಲ್ಲ. ಹಾಗಾದರೆ ಬೋಲ್ಟುಗಳದ್ದು ತಪ್ಪಿಲ್ಲ ಎಂದುಕೊಂಡೆ. ಆ ತೀರ್ಮಾನ ಅರ್ಧ ಮಾತ್ರ ಸರಿ ಎಂಬುದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಆಮೇಲೆ ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆ. ಎಡ ತಿರುವಿನಲ್ಲಿ ಭಾರ ಬಲಗಡೆಗೆ ಬೀಳುತ್ತದೆ, ಆದ್ದರಿಂದ ಬಲ ಹಿಂಬದಿಯ ಬೇರಿಂಗ್ ಹೋಗಿದೆ ಎಂದು ಅಲ್ಲಿ ನಿರ್ಧರಿಸಿ, ಹೊಸದನ್ನು ಹಾಕಿದರು. ಸದ್ದು ಹಾಗೆಯೇ ಉಳಿಯಿತು. ತೆಗೆದ ಬೇರಿಂಗನ್ನು ಕೇಳಿ ತಂದು ಮನೆಯಲ್ಲಿ ಕೈಯಿಂದ ತಿರುಗಿಸಿದಾಗ, ಎಲ್ಲಿಯೂ ತಡೆಯಿಲ್ಲದೆ ನುಣುಪಾಗಿ ತಿರುಗಿತು. ಒಳ್ಳೆಯ ಬೇರಿಂಗೊಂದನ್ನು ವ್ಯರ್ಥವಾಗಿ ಕಿತ್ತಿದ್ದೇವೆ ಎಂಬ ಬೇಸರ ಬಹಳ ದಿನ ಕಾಡಿತು.

ಮಂಡ್ಯದಲ್ಲಿ ನಮ್ಮ ಸಂಬಂಧಿಕರ ಅಕ್ಕಿ ಗಿರಣಿಯಿದೆ. ಅಲ್ಲಿನ ಟ್ರ್ಯಾಕ್ಟರುಗಳನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಈ ಕಥೆ ಹೇಳಿದೆ. ಅವರು ಕಾರನ್ನು ಮುಟ್ಟಲೂ ಇಲ್ಲ. “ಬೇರಿಂಗ್ ಹೋದ್ರೆ ಗೊರ್ ಅಂತದೆ ಸಾ, ಹಿಂಗೆ ಟಕ್ ಟಕ್ ಅನ್ನಕಿಲ್ಲ. ಚಕ್ರ ಒಂದ್ ಸುತ್ತು ಸುತ್ತುದ್ರೆ ಎಷ್ಟು ಸಲ ಹೊಡಿತದೆ, ಎಣಿಸಿದ್ರಾ?” ಎಂದರು. ನಾನು ಎಣಿಸಿರಲಿಲ್ಲ. ಕಾರ್ಖಾನೆಯಲ್ಲಿ ಮೋಟಾರೊಂದು ಸದ್ದು ಮಾಡಿದರೆ ಮೊದಲು ಅದರ ವೇಗವನ್ನು ಬರೆದುಕೊಳ್ಳುವ ನಾನು, ಸ್ವಂತ ಕಾರಿನ ವಿಷಯದಲ್ಲಿ ಆ ಮೊದಲ ಪ್ರಶ್ನೆಯನ್ನೇ ಬಿಟ್ಟಿದ್ದೆ.

ಗಿರಣಿಯ ಭತ್ತ ಒಣಗಿಸುವ ಕಾಂಕ್ರೀಟ್ ಅಂಗಳ ವಿಶಾಲವಾಗಿದ್ದು, ಕೊಯ್ಲಿಗೆ ಮುಂಚಿನ ಆ ದಿನಗಳಲ್ಲಿ ಪೂರ್ತಿ ಖಾಲಿಯಾಗಿತ್ತು. ಸಾರ್ವಜನಿಕ ರಸ್ತೆಯಲ್ಲಿ, ಅದರಲ್ಲೂ ಭಕ್ತರು ನಡೆದು ಹತ್ತುವ ಬೆಟ್ಟದ ದಾರಿಯಲ್ಲಿ, ಇಂಥ ಪರೀಕ್ಷೆ ಮಾಡುವುದು ಸಲ್ಲದು. ಒಂದು ಭಾನುವಾರ ಬೆಳಿಗ್ಗೆ ಅಂಗಳದ ಬಾಗಿಲು ಹಾಕಿಸಿ, ನಡುವೆ ಗೂಟವೊಂದಕ್ಕೆ ಹಗ್ಗ ಕಟ್ಟಿ, 21 ಮೀಟರ್ ತ್ರಿಜ್ಯದ ವೃತ್ತವನ್ನು ರಂಗೋಲಿ ಪುಡಿಯಿಂದ ಎಳೆದೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ, ಎಡಕ್ಕೆ ಸುತ್ತುವಾಗ ಹೊರಗಿನ ಗೆರೆ ನನ್ನ ಕಣ್ಣಿನ ಪಕ್ಕದಲ್ಲೇ ಇರುತ್ತದೆ. ಬಲ ಚಕ್ರಗಳು ಆ ಗೆರೆಗೆ ಒಂದು ಗೇಣು ಒಳಗೆ ಉರುಳುವಂತೆ ನಡೆಸಿದರೆ ಅವುಗಳ ದಾರಿಯ ತ್ರಿಜ್ಯ ಸುಮಾರು 20.75 ಮೀಟರ್ ಆಗುತ್ತದೆ. ಎಡ ಚಕ್ರಗಳದ್ದು ಒಂದೂವರೆ ಮೀಟರ್ ಕಡಿಮೆ.

ಈ ವೃತ್ತದಲ್ಲಿ 30 ಕಿಲೋಮೀಟರ್ ವೇಗದಲ್ಲಿ ಸುತ್ತಿದಾಗ ಸದ್ದಿಲ್ಲ, 40 ಮುಟ್ಟುತ್ತಲೇ ಸ್ಪಷ್ಟವಾಗಿ ಬಂತು. ಪಕ್ಕಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹತ್ತೇ ಕಿಲೋಮೀಟರ್ ವ್ಯತ್ಯಾಸದಲ್ಲಿ ಅದು ಗುರುತ್ವದ ಸುಮಾರು 0.35 ಪಟ್ಟಿನಿಂದ 0.6 ಪಟ್ಟು ದಾಟುತ್ತದೆ. ಆ ಹೊತ್ತಿಗೆ ಎಡಗಡೆಯ ಚಕ್ರಗಳಿಂದ ಸುಮಾರು ಇನ್ನೂರೈವತ್ತು ಕಿಲೋ ಭಾರ ಬಲಗಡೆಗೆ ಸರಿದಿರುತ್ತದೆ ಎಂದು ನನ್ನ ಲೆಕ್ಕ. ಕಾರನ್ನು ಜಾಕ್ ಮೇಲೆ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ದೋಷ ಏಕೆ ಸಿಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ತಿರುವಿನಲ್ಲಿ ರಸ್ತೆಯು ಟೈರಿನ ತಳವನ್ನು ಪಕ್ಕಕ್ಕೆ ಒತ್ತಿ ಚಕ್ರವನ್ನು ಮಣಿಸುವ ಬಲ, ನಮ್ಮ ಎರಡು ಕೈಗಳು ಕೊಡಬಲ್ಲ ಬಲದ ನಾಲ್ಕೈದು ಪಟ್ಟು ಇರುತ್ತದೆ.

ಎಣಿಕೆಗೆ ಮೊದಲು ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂಬುದು ಬೇಕು. ಟೈರಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ನಿಧಾನವಾಗಿ ತಳ್ಳಿ, ಗುರುತು ಎರಡು ಸಲ ನೆಲ ಮುಟ್ಟಿದ ಜಾಗಗಳ ನಡುವೆ ಟೇಪ್ ಹಿಡಿದೆ. ಮುಂದಿನ ಟೈರ್ 235/40 ಅಳತೆಯದು, 1.97 ಮೀಟರ್ ಬಂತು. ಹಿಂದಿನದು ಅಗಲವಾದ 265/40, ಅದು 2.04 ಮೀಟರ್. ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಟೈರುಗಳಿರುವುದು ಇಲ್ಲಿ ನನಗೆ ವರವಾಯಿತು. ವೃತ್ತವನ್ನು ಒಮ್ಮೆ ಸುತ್ತಿದರೆ ಬಲ ಮುಂಭಾಗದ ಚಕ್ರ 66 ಸಲ, ಬಲ ಹಿಂಭಾಗದ್ದು 64 ಸಲ, ಎಡ ಮುಂಭಾಗದ್ದು 61 ಸಲ, ಎಡ ಹಿಂಭಾಗದ್ದು 59 ಸಲ ತಿರುಗಬೇಕು. ಈ ಸಂಖ್ಯೆಗಳು ವೇಗವನ್ನು ಅವಲಂಬಿಸಿಲ್ಲ ಎಂಬುದೇ ಈ ವಿಧಾನದ ಚೆಲುವು; ಸ್ಪೀಡೋಮೀಟರಿನ ಮುಳ್ಳು ಅತ್ತಿತ್ತ ಆಡಿದರೂ ಎಣಿಕೆ ಕೆಡುವುದಿಲ್ಲ.

ಅಕ್ಕನ ಮಗ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಸದ್ದನ್ನು ಮುದ್ರಿಸಿಕೊಂಡ. ವೃತ್ತದ ಅಂಚಿನಲ್ಲಿ ಇಟ್ಟಿದ್ದ ಖಾಲಿ ಚೀಲವನ್ನು ದಾಟುವಾಗಲೆಲ್ಲ “ಬಂತು ಮಾಮ” ಎಂದು ಕೂಗುವುದು ಅವನ ಕೆಲಸ. ಮನೆಗೆ ಬಂದು ಆ ಧ್ವನಿಯನ್ನು ಅರ್ಧ ವೇಗಕ್ಕೆ ಇಳಿಸಿ, ಒಂದು ‘ಬಂತು’ವಿನಿಂದ ಇನ್ನೊಂದರವರೆಗೆ ಎಣಿಸಿದೆವು. ಮೊದಲ ಸುತ್ತಿಗೆ 64, ಎರಡನೆಯದಕ್ಕೆ 64, ಮೂರನೆಯದಕ್ಕೆ 63. ಅಂದರೆ ಚಕ್ರದ ಒಂದು ಸುತ್ತಿಗೆ ಒಂದೇ ಹೊಡೆತ, ಹೊರಗಿನ ಚಕ್ರ, ಬಹುಶಃ ಹಿಂದಿನದು. ಹೊರಗು ಒಳಗಿನ ವ್ಯತ್ಯಾಸ ದೊಡ್ಡದಾದುದರಿಂದ ಅದರ ಬಗ್ಗೆ ಸಂಶಯ ಉಳಿಯಲಿಲ್ಲ. ಹಿಂದೆ ಮುಂದೆ ಎಂಬುದರಲ್ಲಿ ಎರಡೇ ಎಣಿಕೆಯ ಅಂತರವಿದ್ದು, ಗೆರೆಯಿಂದ ಒಂದಡಿ ಆಚೀಚೆ ಆದರೂ ಒಂದು ಎಣಿಕೆ ತಪ್ಪಬಹುದಾದುದರಿಂದ ಅದನ್ನು ಬೇರೆ ರೀತಿಯಲ್ಲಿ ದೃಢಪಡಿಸಬೇಕಿತ್ತು.

ಮುಂದಿನ ವಾರ ಅದೇ ವೃತ್ತದಲ್ಲಿ ಉಳಿದ ಸಾಧ್ಯತೆಗಳನ್ನು ಒಂದೊಂದಾಗಿ ಬಿಡಿಸಿದೆ. ಸದ್ದು ಬರುತ್ತಿರುವಾಗಲೇ ಕ್ಲಚ್ ಒತ್ತಿದೆ. ಬದಲಾಗಲಿಲ್ಲ, ಆದ್ದರಿಂದ ಎಂಜಿನ್ನಿನ ಬಲ ಹೊತ್ತಾಗ ಹೊಡೆಯುವ ಸಿ.ವಿ. ಜಾಯಿಂಟ್ (ಚಕ್ರಕ್ಕೆ ಬಲ ಒಯ್ಯುವ ದಂಡದ ಕೀಲು) ಅಲ್ಲ. ಮುಂದಿನ ಚಕ್ರಗಳಿಗೆ ಬಲ ಹೋಗುವ ಕಾರಾಗಿದ್ದರೆ ನಾನು ಮೊದಲು ಅನುಮಾನಿಸುತ್ತಿದ್ದುದು ಅದನ್ನೇ. ಬ್ರೇಕನ್ನು ಹಗುರವಾಗಿ ಸೋಕಿಸಿದೆ. ಬದಲಾಗಲಿಲ್ಲ, ಆದ್ದರಿಂದ ಕ್ಯಾಲಿಪರಿನಲ್ಲಿ ಅಲುಗುವ ಪ್ಯಾಡ್ ಅಲ್ಲ. ಚಕ್ರದ ನಡುವಿನ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತು ಸುತ್ತಿದೆ. ಚಕ್ರ ಮಣಿಯುವಾಗ ಈ ಮುಚ್ಚಳ ಇಂಥದೇ ಸದ್ದು ಮಾಡುವುದುಂಟು, ನನ್ನದರಲ್ಲಿ ಅದೂ ಆಗಿರಲಿಲ್ಲ. ಬ್ರೇಕ್ ಡಿಸ್ಕಿನ ಹಿಂದಿನ ತಗಡಿನಲ್ಲಿ ಉಜ್ಜಿದ ಗುರುತಿರಲಿಲ್ಲ, ಟೈರಿನ ಗೀರುಗಳಲ್ಲಿ ಕಲ್ಲಿರಲಿಲ್ಲ. ಕೊನೆಗೆ ಹಿಂದಿನ ಎರಡು ಚಕ್ರಗಳನ್ನು ಎಡ ಬಲ ಅದಲು ಬದಲು ಮಾಡಿದೆ. ಆಗ ಎಡ ತಿರುವು ನಿಶ್ಶಬ್ದವಾಯಿತು, ಬಲ ತಿರುವು ಟಕ್ ಟಕ್ ಎಂದಿತು. ದೋಷ ಚಕ್ರವನ್ನು ಬೋಲ್ಟುಗಳಿಂದ ಬಿಗಿಯುವ ಹಬ್ಬಿನಲ್ಲಿಯೂ ಇಲ್ಲ, ಬೇರಿಂಗಿನಲ್ಲಿಯೂ ಇಲ್ಲ. ಚಕ್ರದ ಜೊತೆಯಲ್ಲೇ ಓಡಾಡುತ್ತಿದೆ.

ಆ ಚಕ್ರವನ್ನು ಬಿಚ್ಚಿ ಬೆನ್ನು ಮೇಲಾಗಿ ನೆರಳಿನಲ್ಲಿ ಇಟ್ಟು ಟಾರ್ಚ್ ಹಾಕಿ ನೋಡಿದೆ. ಹಬ್ಬಿಗೆ ಅಂಟಿ ಕೂರುವ ಮುಖವು ಬರಿಯ ಲೋಹವಾಗಿರಬೇಕು. ಇಲ್ಲಿ ಅದರ ಮೂರನೆಯ ಒಂದು ಪಾಲಿನ ಮೇಲೆ ಬೂದು ಬಣ್ಣದ ಪೌಡರ್ ಕೋಟಿಂಗ್ (ಪುಡಿಯಾಗಿ ಸಿಂಪಡಿಸಿ ಕಾಯಿಸಿ ಅಂಟಿಸುವ ಬಣ್ಣ) ಹರಡಿತ್ತು. ಬಣ್ಣ ಮುಗಿಯುವ ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುವ, ಉಗುರಿನಗಲದ ಪಟ್ಟಿ. ಅದರ ಸುತ್ತ, ಬೆರಳಿಗೆ ಅಂಟುವ ಕಂದು ಪುಡಿ. ಎರಡು ಬೋಲ್ಟುಗಳ ತಲೆ ಕೂರುವ ಕುಳಿಗಳಲ್ಲೂ ಬಣ್ಣ ತುಂಬಿತ್ತು. ಒಂದು ವರ್ಷದ ಹಿಂದೆ ನಾಲ್ಕೂ ಚಕ್ರಗಳಿಗೆ ಹೊಸ ಬಣ್ಣ ಮಾಡಿಸಿದ್ದೆ. ಮೂರಕ್ಕೆ ಈ ಮುಖವನ್ನು ಟೇಪಿನಿಂದ ಮುಚ್ಚಿ ಬಣ್ಣ ಹೊಡೆದಿದ್ದರು. ಇದಕ್ಕೆ ಟೇಪ್ ಅರ್ಧ ಬಿಟ್ಟುಹೋಗಿತ್ತು. ಪೌಡರ್ ಕೋಟಿಂಗಿನ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನೊಳಗೆ. ಕಣ್ಣಿಗೆ ಏನೂ ಅಲ್ಲ ಎನಿಸುವ ಈ ಪದರದ ಮೇಲೆ ಚಕ್ರ ಒಂದು ಬದಿಗೆ ಎತ್ತಿ ಕುಳಿತಿತ್ತು. ತಿರುವಿನ ಬಲ ಬಿದ್ದಾಗ, ಬಣ್ಣವಿದ್ದ ಆ ಒಂದು ಪಾಲು ಕೆಳಗೆ ಬರುವ ಪ್ರತಿ ಸುತ್ತಿನಲ್ಲೂ ಮುಖ ಕೂದಲೆಳೆಯಷ್ಟು ಜಾರಿ ಮತ್ತೆ ಕೂರುತ್ತಿತ್ತು. ಟಾರ್ಕ್ ರೆಂಚ್ ನನಗೆ ಹೇಳಿದ್ದು ಸುಳ್ಳಲ್ಲ. ಬೋಲ್ಟಿಗೆ ಹಾಕಿದ ತಿರುಚುಬಲದ ಹೆಚ್ಚಿನ ಪಾಲು ಬಣ್ಣದ ಘರ್ಷಣೆಗೆ ಹೋಗಿ, ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯಲು ಉಳಿದದ್ದು ಕಡಿಮೆಯಾಗಿತ್ತು. ಹೀಗೆಯೇ ಬಿಟ್ಟಿದ್ದರೆ ಬಣ್ಣ ಪುಡಿಯಾಗಿ, ಬೋಲ್ಟುಗಳು ನಿಜವಾಗಿಯೂ ಸಡಿಲಾಗುವ ದಿನ ದೂರವಿರಲಿಲ್ಲ.

ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಹಿತ್ತಾಳೆಯ ಪಟ್ಟಿಯಿಂದ ಮೆಲ್ಲಗೆ ಕೆರೆದೆ. ಗ್ರೈಂಡರ್ ಹಿಡಿದರೆ ಐದು ನಿಮಿಷದ ಕೆಲಸ, ಆದರೆ ಲೋಹವೂ ಹೋಗಿ ಮುಖ ಸಮತಟ್ಟು ಕಳೆದುಕೊಳ್ಳುತ್ತದೆ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ. ಆ ಚಕ್ರದ ಐದೂ ಬೋಲ್ಟುಗಳನ್ನು ಬದಲಾಯಿಸಿದೆ. ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸೋಕಿಸಲಿಲ್ಲ, ಏಕೆಂದರೆ ಒಣ ಬೋಲ್ಟಿಗೆ ಹೇಳಿದ 130, ಜಿಡ್ಡು ಹಚ್ಚಿದ ಬೋಲ್ಟನ್ನು ಮಿತಿ ಮೀರಿ ಎಳೆದುಬಿಡುತ್ತದೆ. ಚಕ್ರ ಗಾಳಿಯಲ್ಲಿರುವಾಗಲೇ ಒಂದನ್ನು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಕೂರಿಸಿ, ನೆಲಕ್ಕೆ ಇಳಿಸಿದ ಮೇಲೆ ಪೂರ್ತಿ ಬಿಗಿದೆ. ಪ್ರತಿ ಬೋಲ್ಟಿನ ತಲೆಯಿಂದ ಚಕ್ರದವರೆಗೆ ಹಳದಿ ಬಣ್ಣದ ಸಣ್ಣ ಗೆರೆ ಎಳೆದೆ.

ಮತ್ತೆ ಮಂಡ್ಯಕ್ಕೆ ಹೋಗಿ, ಮಾಸಿದ ರಂಗೋಲಿಯ ಮೇಲೆ ಹೊಸದಾಗಿ ಪುಡಿ ಸುರಿದು, ಎಡಕ್ಕೆ ಆರು, ಬಲಕ್ಕೆ ಆರು ಸುತ್ತು ಹಾಕಿದೆವು. ಮುದ್ರಣದಲ್ಲಿ ಟೈರಿನ ಉಜ್ಜುವಿಕೆ ಮತ್ತು ಅಕ್ಕನ ಮಗನ “ಬಂತು ಮಾಮ” ಬಿಟ್ಟರೆ ಬೇರೇನೂ ಇಲ್ಲ. ನೂರು ಕಿಲೋಮೀಟರ್ ಓಡಿಸಿದ ಮೇಲೆ ರೆಂಚ್ ಹಾಕಿದಾಗ ಒಂದು ಬೋಲ್ಟು ಕಾಳಿನಷ್ಟು ತಿರುಗಿ ನಿಂತಿತು. ಅದರ ಗೆರೆಯನ್ನು ಒರೆಸಿ ಹೊಸದಾಗಿ ಎಳೆದೆ. ಅಂದಿನಿಂದ ತಿಂಗಳಿಗೊಮ್ಮೆ ಕಾರು ತೊಳೆಯುವಾಗ ಐದೂ ಗೆರೆಗಳನ್ನು ನೋಡುತ್ತೇನೆ, ಒಂದೂ ಸರಿದಿಲ್ಲ.